ಆತಕೂರಿನ ಕಾಳಿ: ಯೋಧ ಬೇಡಿ ಪಡೆದ ನಾಯಿ

ಆತಕೂರು ಶಾಸನ ಅಂದ ಕೂಡಲೇ ನಾವು ತಕ್ಕೋಲದ ಯುದ್ಧಕ್ಕೆ ಹೋಗಿಬಿಡ್ತೇವೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಪರ ಕಾದಿದ ಗಂಗರ ಬೂತುಗ, ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ, ನಿಜ. ಆದರೆ ಈ ಕಲ್ಲು ನಿಂತದ್ದು ಒಂದು ನಾಯಿಗಾಗಿ.

ಶಾಸನದ ಕಾಲ ಶಕ 872, ಅಂದರೆ ಕ್ರಿ.ಶ. 949–50. ಆ ಯುದ್ಧದಲ್ಲಿ ಬೂತುಗನ ಆಳು ಮಣಲೇರನ ಶೌರ್ಯಕ್ಕೆ ಮೆಚ್ಚಿದ ಕೃಷ್ಣ, ಬೇಕಾದ್ದು ಬೇಡಿಕೋ ಅಂದ. ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಎರಡು ಕಂಡುಗ ಭೂಮಿ ಬಿಡಲಾಯಿತು.

ಭೂಮಿ ಕಸಿದವನಿಗೆ ಶಾಪ ಹಾಕೋದು ದಾನಶಾಸನಗಳಲ್ಲಿ ಮಾಮೂಲು. ಇಲ್ಲಿ ಇನ್ನೊಂದು ಮಾತಿದೆ: ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ. ಅಂದರೆ ಪೂಜಾರಿಯ ಊಟಕ್ಕೂ ಮೊದಲು ಕಾಳಿಯ ನೆನಪು ಆಗಬೇಕು!

ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋದರೆ, ಅಕ್ಷರ ಓದುವ ಮೊದಲು ಹಂದಿಯ ಮೇಲೆ ಬಿದ್ದಿರುವ ಆ ನಾಯಿಯನ್ನು ನೋಡಿ.