ನಿಂಬೆ, ಸಕ್ಕರೆ, ಸೋಡಾ ಉಜ್ಜಿದರೆ ಮುಖ ಹೊಳೆಯುತ್ತದೆಯೇ? ಯಾವ ಚರ್ಮಕ್ಕೆ ಯಾವ ಸ್ಕ್ರಬ್ ಸರಿ?

“ಅರ್ಧ ಹೋಳು ನಿಂಬೆಹಣ್ಣಿನ ಮೇಲೆ ಸಕ್ಕರೆ, ಚಿಟಿಕೆ ಅಡುಗೆ ಸೋಡಾ ಉದುರಿಸಿ ದಿನಾ ಮುಖಕ್ಕೆ ಉಜ್ಜಿ. ಏಳೇ ದಿನದಲ್ಲಿ ಕಲೆ ಮಾಯ!” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ನಿಜವೇ? ನೋಡೋಣ.

ಚುಟುಕಾಗಿ ಹೇಳುವುದಾದರೆ, ಇಲ್ಲ. ಮುಖದ ಸತ್ತ ಚರ್ಮ ತೆಗೆಯುವುದು ತಪ್ಪಲ್ಲ. ಆದರೆ ಈ ವಿಧಾನದಲ್ಲಿ ಹಳೆಯ ಕಲೆ ಹೋಗುವ ಬದಲು ಹೊಸ ಕಲೆ ಬೀಳುವ ಸಾಧ್ಯತೆಯೇ ಹೆಚ್ಚು.

ಚರ್ಮ ತಾನಾಗಿಯೇ ಉದುರುತ್ತದೆ

ನಮ್ಮ ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಒಳಗಿನಿಂದ ಹೊಸ ಕೋಶಗಳು ಮೇಲೆ ಬರುತ್ತವೆ, ಹಳೆಯವು ಉದುರುತ್ತವೆ. ಯೌವನದಲ್ಲಿ ಈ ಚಕ್ರಕ್ಕೆ ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಸ್ಕ್ರಬ್ ಮಾಡುವುದೆಂದರೆ ಈ ಕೆಲಸಕ್ಕೆ ಸ್ವಲ್ಪ ಕೈಜೋಡಿಸುವುದು, ಅಷ್ಟೇ. ಆ ಪದರ ಕೊಳೆಯಲ್ಲ. ನೀರಿನಂಶ ಆರದಂತೆ, ಸೋಂಕು ಒಳಹೋಗದಂತೆ ಕಾಯುವುದು ಅದೇ.

ಸಂದೇಶದಲ್ಲಿ ತಪ್ಪೇನು?

ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5. ನಿಂಬೆ ರಸದ್ದು ಸುಮಾರು 2. ಅಂದರೆ ಚರ್ಮಕ್ಕಿಂತ ಸಾವಿರ ಪಟ್ಟು ಹೆಚ್ಚು ಆಮ್ಲೀಯ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ, ಅದರ ಪಿಎಚ್ 8ಕ್ಕಿಂತ ಮೇಲೆ. ಎರಡೂ ಸೇರಿದಾಗ ಬರುವ ನೊರೆ ಬರೀ ಇಂಗಾಲದ ಡೈಆಕ್ಸೈಡ್ ಅನಿಲ, ಕೊಳೆ ಹೋಗುತ್ತಿರುವ ಗುರುತಲ್ಲ. ಸಕ್ಕರೆ ಹರಳಿನ ಚೂಪು ಅಂಚುಗಳು ಕಣ್ಣಿಗೆ ಕಾಣದ ಗೀರು ಮಾಡುತ್ತವೆ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಕೆಲವರಿಗೆ ಸುಟ್ಟಂತೆ ಬೊಬ್ಬೆಯೂ ಬರುತ್ತದೆ.

“ನಮ್ಮಜ್ಜಿ ಕಡಲೆ ಹಿಟ್ಟು ಹಚ್ಚುತ್ತಿದ್ದರಲ್ಲ?” ಎಂದು ನೀವು ಕೇಳಬಹುದು. ಅಭ್ಯಂಜನದಲ್ಲಿ ಮೊದಲು ಎಣ್ಣೆ, ಆಮೇಲೆ ಹಿಟ್ಟು. ಅದೂ ವಾರಕ್ಕೊಮ್ಮೆಯೋ ಹಬ್ಬಕ್ಕೋ. ದಿನಾ ಒಣ ಮುಖಕ್ಕೆ ಸಕ್ಕರೆ ತಿಕ್ಕುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ನಮ್ಮ ಬಣ್ಣ, ನಮ್ಮ ಬಿಸಿಲು

ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚು. ಇಂಥ ಚರ್ಮಕ್ಕೆ ಗೀರು, ಉರಿ, ಊತ ಏನಾದರೂ ಅದು ಕಪ್ಪು ಕಲೆ ಬಿಟ್ಟುಹೋಗುತ್ತದೆ. ಹೋಗಲು ತಿಂಗಳುಗಳೇ ಬೇಕು.

ವಿಮಾನಪುರದಿಂದ ಮಾರತಹಳ್ಳಿಗೆ ಬೈಕಿನಲ್ಲಿ ಓಡಾಡುವವರು ಗಮನಿಸಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ನಡುನೆತ್ತಿಗೆ ಬಂದು ನೆರಳೇ ಬೀಳದ ದಿನ ಇಲ್ಲಿರುತ್ತದೆ. ಗಾಳಿ ತಂಪಾಗಿದೆ ಎಂದ ಮಾತ್ರಕ್ಕೆ ಅತಿನೇರಳೆ ಕಿರಣ ಕಡಿಮೆಯಾಗುವುದಿಲ್ಲ. ಅಮೆರಿಕದ ಎಫ್‌ಡಿಎ ಪ್ರಾಯೋಜಿತ ಅಧ್ಯಯನವೊಂದರಲ್ಲಿ, ಸತ್ತ ಚರ್ಮ ಸಡಿಲಿಸುವ ಆಮ್ಲವನ್ನು ನಾಲ್ಕು ವಾರ ಹಚ್ಚಿದವರ ಚರ್ಮ ಈ ಕಿರಣಕ್ಕೆ ಶೇ 18ರಷ್ಟು ಹೆಚ್ಚು ಸೂಕ್ಷ್ಮವಾಗಿತ್ತು. ನಿಲ್ಲಿಸಿದ ಒಂದು ವಾರದಲ್ಲಿ ಮೊದಲಿನಂತಾಯಿತು.

ನಿಮ್ಮ ಚರ್ಮ ಯಾವುದು?

ಸೌಮ್ಯ ಫೇಸ್‌ವಾಶ್‌ನಿಂದ ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಮುಖವೆಲ್ಲ ಜಿಡ್ಡಾದರೆ ಎಣ್ಣೆ ಚರ್ಮ. ಬಿಗಿದು ಬಿಳಿ ಪುಡಿ ಎದ್ದರೆ ಒಣ ಚರ್ಮ. ಹಣೆ, ಮೂಗು ಮಾತ್ರ ಜಿಡ್ಡಾದರೆ ಮಿಶ್ರ ಚರ್ಮ. ಉರಿ, ಕೆಂಪು ಬಂದರೆ ಸೂಕ್ಷ್ಮ ಚರ್ಮ.

- ಎಣ್ಣೆ ಚರ್ಮ: ಶೇ 0.5ರಿಂದ 2ರಷ್ಟು ಸ್ಯಾಲಿಸಿಲಿಕ್ ಆಮ್ಲವಿರುವ ಫೇಸ್‌ವಾಶ್ ಅಥವಾ ಜೆಲ್, ವಾರಕ್ಕೆ ಎರಡು ಸಲ. ಇದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೂ ಇಳಿಯುತ್ತದೆ. ಕೆಂಪಾದ ಮೊಡವೆಯ ಮೇಲೆ ತರಿತರಿ ಸ್ಕ್ರಬ್ ಬೇಡ. ಆಸ್ಪಿರಿನ್ ಅಲರ್ಜಿ ಇರುವವರು ಸ್ಯಾಲಿಸಿಲಿಕ್ ಬಳಸಬಾರದು.
- ಒಣ ಚರ್ಮ: ಶೇ 5ರಷ್ಟು ಲ್ಯಾಕ್ಟಿಕ್ ಆಮ್ಲ, ವಾರಕ್ಕೊಮ್ಮೆ ಸಾಕು. ಮುಖ ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರಿದ್ದರೆ ಸೋಪಿನ ಜಿಗುಟು ಮುಖದಲ್ಲೇ ಉಳಿಯುತ್ತದೆ, ಹಾಗಾಗಿ ಸೋಪು ಬಿಡಿ.
- ಮಿಶ್ರ ಚರ್ಮ: ಜಿಡ್ಡಿರುವ ಕಡೆ ಮಾತ್ರ ಹಚ್ಚಿ, ಕೆನ್ನೆ ಬಿಡಿ.
- ಸೂಕ್ಷ್ಮ ಚರ್ಮ: ಮೆತ್ತನೆಯ ಒದ್ದೆ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಸಾಕು. ಬಂಗು, ಇಸುಬು ಇದ್ದವರು ವೈದ್ಯರನ್ನು ಕೇಳದೆ ಏನೂ ಮಾಡಬೇಡಿ.

ದಿನಾ ಶೇವ್ ಮಾಡುವ ಗಂಡಸರಿಗೆ ಬ್ಲೇಡೇ ಸತ್ತ ಚರ್ಮ ತೆಗೆದಿರುತ್ತದೆ. ಅದೇ ದಿನ ಆ ಜಾಗಕ್ಕೆ ಮತ್ತೆ ಸ್ಕ್ರಬ್ ಬೇಡ.

ಯಾವುದೇ ಹೊಸ ವಸ್ತುವನ್ನು ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡಿ. ರಾತ್ರಿ ಮಾತ್ರ ಬಳಸಿ. ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ರೆಟಿನಾಯ್ಡ್ ಕ್ರೀಮ್ ಅಥವಾ ಮೊಡವೆ ಮಾತ್ರೆ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಉರಿ ಬಂದರೆ ಏನು ಮಾಡಬೇಕು?

ಎಲ್ಲ ನಿಲ್ಲಿಸಿ. ಸೌಮ್ಯ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮೂರೇ ಸಾಕು. ಎರಡು ವಾರದಲ್ಲಿ ಸರಿಹೋಗದಿದ್ದರೆ, ಅಥವಾ ಬೊಬ್ಬೆ, ಕೀವು ಕಂಡರೆ ತಕ್ಷಣ, ಚರ್ಮರೋಗ ತಜ್ಞರನ್ನು ನೋಡಿ.

ಒಂದು ತಪ್ಪು ಮಾತ್ರ ಮಾಡಬೇಡಿ. ಕಲೆ ಬಿತ್ತೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಯಾವುದೋ ಮುಲಾಮು ತರಬೇಡಿ. ಅಂಥ ಹಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರ ಮುಖ ತಿಳಿಯಾಗುತ್ತದೆ, ತಿಂಗಳು ಕಳೆದ ಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಏಳುತ್ತದೆ. ಇದೇ ಕಾರಣಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಪಟ್ಟಿಗೆ ಸೇರಿಸಿತು.

ಕೊನೆಯ ಮಾತು: ನಿಂಬೆ, ಸಕ್ಕರೆ, ಸೋಡಾ ಸಂದೇಶ ದಾರಿ ತಪ್ಪಿಸುವಂಥದ್ದು. ಉಜ್ಜುವುದು ಕಡಿಮೆ ಮಾಡಿ, ಬಿಸಿಲಿನಿಂದ ಮುಖ ಕಾಯ್ದುಕೊಳ್ಳಿ. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ, ಕಳಿಸಿದವರಿಗೆ ಇದನ್ನು ಕಳಿಸಿ.