ಕುಂಡಕ್ಕೆ ಬಂದ ಕಳ್ಳಿ

ಕುಂಡದಲ್ಲಿ ಕಳ್ಳಿ ಬೆಳೆಸುವ ಕಲೆ ರೂಪುಗೊಂಡದ್ದು ಮಳೆ, ಹಿಮ, ಮೋಡಗಳ ಉತ್ತರ ಯುರೋಪಿನಲ್ಲಿ. ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಆಫ್ರಿಕದಿಂದ ಹಡಗೇರಿ ಹೋದ ಗಿಡಗಳು ಅಲ್ಲಿನ ಚಳಿಗೂ ತೇವಕ್ಕೂ ಸಿಕ್ಕಿ ಕೊಳೆಯುತ್ತಿದ್ದವು. ಅವನ್ನು ಉಳಿಸಿಕೊಳ್ಳಲು ತೋಟಗಾರರು ಗಿಡವನ್ನು ನೆಲದಿಂದ ಎತ್ತಿ ಕುಂಡಕ್ಕೆ ಹಾಕಿದರು, ಕುಂಡವನ್ನು ಸೂರಿನಡಿ ಇಟ್ಟರು, ನೀರನ್ನು ಹಿಡಿತದಲ್ಲಿಟ್ಟರು. ಇಂದು ಹಿತ್ತಲಿನ ಮೂಲೆಯಲ್ಲಿ ಹತ್ತಾರು ಕುಂಡಗಳನ್ನು ಜೋಡಿಸಿಡುವವರು ಪಾಲಿಸುವ ನಿಯಮಗಳು ಬಹುಪಾಲು ಆ ಕಾಲದ ಅನುಭವದಿಂದ ಬಂದವು.

ರಸಭರಿತ ಸಸ್ಯಗಳು ಒಂದೇ ಕುಲಕ್ಕೆ ಸೇರಿದವಲ್ಲ. ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳು ಹಲವು ಕುಟುಂಬಗಳಲ್ಲಿವೆ. ಕ್ಯಾಕ್ಟಸ್ ಅವುಗಳಲ್ಲಿ ಒಂದು ಕುಟುಂಬ ಮಾತ್ರ. ರಿಪ್ಸಾಲಿಸ್ ಎಂಬ ಜೋತುಬೀಳುವ ಗಿಡದ ಒಂದು ಪ್ರಭೇದವನ್ನು ಬಿಟ್ಟರೆ ಕ್ಯಾಕ್ಟಸ್‌ಗಳೆಲ್ಲವೂ ಅಮೆರಿಕ ಖಂಡಗಳ ಮೂಲದವು. ಕನ್ನಡ ನಾಡಿನ ಬಯಲಲ್ಲಿ ಕಾಣುವ ಚದರಗಳ್ಳಿಗೂ ಮುಳ್ಳಿದೆ, ದಪ್ಪ ಕಾಂಡವಿದೆ. ಆದರೆ ಅದನ್ನು ಕೊಯ್ದರೆ ಹಾಲು ಸುರಿಯುತ್ತದೆ, ಅದು ಯೂಫೋರ್ಬಿಯ ಜಾತಿಯದು. ಇಂಥ ಗಿಡಗಳಲ್ಲಿ ಹೆಚ್ಚಿನವು ರಾತ್ರಿ ಹೊತ್ತು ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲು ರಂಧ್ರ ಮುಚ್ಚಿಕೊಂಡೇ ಆಹಾರ ತಯಾರಿಸುತ್ತವೆ. ಹಾಗಾಗಿ ಬಿಸಿಲಲ್ಲಿ ನೀರು ಆವಿಯಾಗುವುದು ತೀರ ಕಡಿಮೆ. ಬೇರಿಗೆ ಮಾತ್ರ ಗಾಳಿ ಬೇಕೇ ಬೇಕು. ಕುಂಡದಲ್ಲಿ ನೀರು ನಿಂತರೆ ಶಿಲೀಂಧ್ರ ತಗುಲಿ ಬುಡದಿಂದ ಕೊಳೆತ ಶುರುವಾಗುತ್ತದೆ.

ಮೂಲನೆಲದಲ್ಲಿ ಇವು ಅಲಂಕಾರಕ್ಕಿಂತ ಮೊದಲು ಅನ್ನವಾಗಿದ್ದವು. ಮೆಕ್ಸಿಕೊದ ಜನ ನೊಪಾಲ್ ಎಂಬ ಚಪ್ಪಟೆ ಕಳ್ಳಿಯ ಎಳೆಯ ಹಾಳೆಗಳನ್ನೂ ಹಣ್ಣನ್ನೂ ತಿನ್ನುತ್ತಿದ್ದರು. ಕತ್ತಾಳೆಯ ಜಾತಿಯ ಗಿಡಗಳಿಂದ ನಾರು ತೆಗೆಯುತ್ತಿದ್ದರು, ರಸ ಇಳಿಸಿ ಪುಲ್ಕೆ ಎಂಬ ಪಾನೀಯ ಮಾಡುತ್ತಿದ್ದರು. ನೊಪಾಲ್ ಮೇಲೆ ಬದುಕುವ ಕೊಚಿನಿಯಲ್ ಹುಳುವಿನಿಂದ ಕಡುಗೆಂಪು ಬಣ್ಣ ಬರುತ್ತಿತ್ತು. 1521ರಲ್ಲಿ ಅಜ್ಟೆಕ್ ರಾಜಧಾನಿ ಸ್ಪೇನಿನವರ ವಶವಾದ ಮೇಲೆ ಈ ಬಣ್ಣ ಸ್ಪೇನಿಗೆ ದೊಡ್ಡ ವ್ಯಾಪಾರವಾಯಿತು.

ಯುರೋಪಿಗೆ ಮೊದಮೊದಲು ಹೋದ ಗಿಡಗಳಲ್ಲಿ ಕೆರಿಬಿಯನ್ ಕರಾವಳಿಯ ಮೆಲೊಕ್ಯಾಕ್ಟಸ್, ನೊಪಾಲ್ ಮತ್ತು ಕತ್ತಾಳೆ ಇದ್ದವು. 1545ರಲ್ಲಿ ಪಾದುವಾ, 1590ರಲ್ಲಿ ಲೈಡನ್ ಸಸ್ಯೋದ್ಯಾನಗಳು ಆರಂಭವಾಗಿದ್ದರಿಂದ ಹೊರನಾಡಿನ ಗಿಡಗಳಿಗೆ ನೆಲೆ ಸಿಕ್ಕಿತು. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ ನೆಲೆಯೂರಿದಾಗ ಎರಡನೆಯ ಬಾಗಿಲು ತೆರೆಯಿತು. ಲೋಳೆಸರದ ಬಳಗದ ಅನೇಕ ಗಿಡಗಳು ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್ ತಲುಪಿದವು. ಕಾಸ್ಪರ್ ಕೊಮ್ಮೆಲಿನ್ 1703ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವುಗಳ ವಿವರಣೆಯೂ ಚಿತ್ರಗಳೂ ಇವೆ. ಇಂಗ್ಲೆಂಡಿನ ರಿಚರ್ಡ್ ಬ್ರಾಡ್ಲಿ 1716ರಿಂದ ಕಂತುಗಳಲ್ಲಿ ಹೊರತಂದ ಪುಸ್ತಕ ರಸಭರಿತ ಸಸ್ಯಗಳಿಗೇ ಮೀಸಲಾಗಿತ್ತು. ಒಣಗಿಸಿ ಹಾಳೆಗೆ ಅಂಟಿಸಿದರೆ ಈ ಗಿಡಗಳು ಆಕಾರ ಕಳೆದುಕೊಳ್ಳುವುದರಿಂದ, ಜೀವಂತ ಗಿಡವೂ ಅದನ್ನು ನೋಡಿ ಬರೆದ ಚಿತ್ರವೂ ಅಧ್ಯಯನಕ್ಕೆ ಅನಿವಾರ್ಯವಾದವು. ಕುಂಡಕ್ಕೆ ವಿಜ್ಞಾನದಲ್ಲೂ ಬೆಲೆ ಬಂದದ್ದು ಹೀಗೆ.

ಸಾಕುವ ವಿಧಾನ ಬರಹಕ್ಕಿಳಿದದ್ದರಲ್ಲಿ ಲಂಡನ್ನಿನ ಚೆಲ್ಸಿ ಔಷಧೋದ್ಯಾನದ ಫಿಲಿಪ್ ಮಿಲ್ಲರ್‌ನ ಪಾಲು ದೊಡ್ಡದು. 1731ರಲ್ಲಿ ಮೊದಲು ಅಚ್ಚಾದ ಅವನ ತೋಟಗಾರಿಕೆಯ ನಿಘಂಟು ಹಲವು ಮುದ್ರಣಗಳನ್ನು ಕಂಡಿತು. ಮಣ್ಣಿಗೆ ಮರಳನ್ನೂ ಹಳೆಯ ಸುಣ್ಣದ ಗಾರೆಯ ಪುಡಿಯನ್ನೂ ಬೆರೆಸುವುದು, ಚಳಿಗಾಲದಲ್ಲಿ ನೀರು ಮಿತಗೊಳಿಸುವುದು ಆ ಕಾಲದ ತೋಟಗಾರರ ರೂಢಿಯಾಯಿತು. ಚರ್ಮ ಹದಮಾಡಿ ಉಳಿದ ಮರದ ತೊಗಟೆ ಕೊಳೆಯುವಾಗ ಹುಟ್ಟುವ ಬಿಸಿಯಲ್ಲಿ ಕುಂಡಗಳನ್ನು ಹುಗಿದು, ಹೆಚ್ಚು ಶಾಖ ಬೇಡುವ ಗಿಡಗಳನ್ನು ಕಾಪಾಡುತ್ತಿದ್ದರು. 1753ರಲ್ಲಿ ಲಿನೇಯಸ್ ತನಗೆ ಗೊತ್ತಿದ್ದ 22 ಪ್ರಭೇದಗಳನ್ನು ಕ್ಯಾಕ್ಟಸ್ ಎಂಬ ಒಂದೇ ಜಾತಿಗೆ ಸೇರಿಸಿದ. 1772ರಲ್ಲಿ ಕ್ಯೂ ಉದ್ಯಾನ ಫ್ರಾನ್ಸಿಸ್ ಮ್ಯಾಸನ್‌ನನ್ನು ಗಿಡ ಸಂಗ್ರಹಕ್ಕೆಂದೇ ಕೇಪ್‌ಗೆ ಕಳುಹಿಸಿತು. 1799ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಡಿ ಕ್ಯಾಂಡೋಲ್‌ನ ಸಸ್ಯಗ್ರಂಥಕ್ಕೆ ರೆಡೂಟೆ ಬರೆದ ವರ್ಣಚಿತ್ರಗಳು ಈ ಗಿಡಗಳ ಚೆಲುವನ್ನು ಎತ್ತಿ ತೋರಿದವು.

19ನೇ ಶತಮಾನದಲ್ಲಿ ಕಳ್ಳಿ ಅರಮನೆಯ ಗಾಜಿನ ಮನೆಯಿಂದ ಸಾಮಾನ್ಯರ ಕಿಟಕಿಗೆ ಇಳಿಯಿತು. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾದ ಮೇಲೆ ಇತರ ದೇಶಗಳ ಸಂಗ್ರಾಹಕರಿಗೂ ಅಲ್ಲಿಗೆ ಹೋಗುವುದು ಸುಲಭವಾಯಿತು. ಉಳಿದ ಗಿಡಗಳನ್ನು ಸಾಗಿಸಲು ತೇವ ಕಾಪಾಡುವ ಗಾಜಿನ ಪೆಟ್ಟಿಗೆ ಬೇಕಾಗುತ್ತಿತ್ತು; ಕಳ್ಳಿಯೋ ಬೇರು ಒಣಗಿಸಿ ಕಟ್ಟಿಟ್ಟರೆ ವಾರಗಟ್ಟಲೆ ಪ್ರಯಾಣ ತಾಳುತ್ತಿತ್ತು. ಜರ್ಮನಿಯ ಎರ್ಫುರ್ಟ್‌ನಲ್ಲಿ 1822ರಲ್ಲಿ ಆರಂಭವಾದ, ‘ಹಾಗೆ’ ಎಂಬ ಕುಟುಂಬದ ನರ್ಸರಿ ಕಳ್ಳಿಗೆ ಹೆಸರಾಯಿತು. ಬ್ರಿಟನ್ 1845ರಲ್ಲಿ ಗಾಜಿನ ಮೇಲಿನ ತೆರಿಗೆ ತೆಗೆದುಹಾಕಿದ್ದರಿಂದ ಚಿಕ್ಕ ಗಾಜಿನ ಮನೆ ಕಟ್ಟುವುದು ಮಧ್ಯಮ ವರ್ಗಕ್ಕೂ ಎಟುಕಿತು. ಜರ್ಮನ್ ಕಲಾವಿದ ಕಾರ್ಲ್ ಸ್ಪಿಟ್ಸ್‌ವೆಗ್ ಕಳ್ಳಿಪ್ರಿಯರನ್ನೇ ವಸ್ತುವಾಗಿಸಿಕೊಂಡು ಚಿತ್ರ ಬರೆದದ್ದು ಈ ಹವ್ಯಾಸ ಎಷ್ಟು ಹರಡಿತ್ತೆಂಬುದಕ್ಕೆ ಸಾಕ್ಷಿ. 1892ರಲ್ಲಿ ಜರ್ಮನಿಯ ಕಳ್ಳಿಪ್ರಿಯರು ತಮ್ಮದೇ ಸಂಘ ಕಟ್ಟಿಕೊಂಡರು.

20ನೇ ಶತಮಾನದಲ್ಲಿ ಈ ತೋಟ ಮತ್ತೆ ಬಯಲಿಗೆ ಬಂತು. ಕ್ಯಾಲಿಫೋರ್ನಿಯದ ಹಂಟಿಂಗ್ಟನ್ ಎಸ್ಟೇಟಿನಲ್ಲಿ 1907ರ ಹೊತ್ತಿಗೆ ಮರುಭೂಮಿ ತೋಟ ಆರಂಭವಾಯಿತು. ಬ್ರಿಟನ್ ಮತ್ತು ರೋಸ್ ಎಂಬ ಸಸ್ಯವಿಜ್ಞಾನಿಗಳು 1919ರಿಂದ 1923ರವರೆಗೆ ನಾಲ್ಕು ಸಂಪುಟಗಳಲ್ಲಿ ಕ್ಯಾಕ್ಟಸ್ ಕುಟುಂಬವನ್ನು ವಿವರಿಸಿದರು. 1929ರಲ್ಲಿ ಅಮೆರಿಕದ ಕ್ಯಾಕ್ಟಸ್ ಮತ್ತು ರಸಭರಿತ ಸಸ್ಯಗಳ ಸಂಘ ಹುಟ್ಟಿತು. ಜಪಾನಿನ ಬೆಳೆಗಾರರು ಹಸಿರಿಲ್ಲದ ಕೆಂಪು ಸಸಿಯನ್ನು ಬೇರೊಂದು ಕಳ್ಳಿಗೆ ಕಸಿಕಟ್ಟಿ ಉಳಿಸಿಕೊಂಡರು. ನರ್ಸರಿಗಳಲ್ಲಿ ಸಿಗುವ ಕೆಂಪು ತಲೆಯ ಪುಟ್ಟ ಕಳ್ಳಿ ಅದರ ಸಂತತಿ.

ಭಾರತದಲ್ಲಿ ಕಳ್ಳಿ ಮೊದಲು ನೆಲಕ್ಕಿಳಿಯಿತು. ಕೊಚಿನಿಯಲ್ ವ್ಯಾಪಾರದಲ್ಲಿ ಸ್ಪೇನಿನ ಏಕಸ್ವಾಮ್ಯ ಮುರಿಯಲು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ 18ನೇ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ಕಳ್ಳಿ ತೋಟ ಬೆಳೆಸಿತು. 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಿತು. ಬಂದ ಹುಳು ಒಳ್ಳೆಯ ಬಣ್ಣದ ಜಾತಿಯದಾಗಿರಲಿಲ್ಲ. ವ್ಯಾಪಾರ ನೆಲಕಚ್ಚಿತು, ಪಾಪಾಸುಕಳ್ಳಿ ಮಾತ್ರ ಬೇಲಿ ದಾಟಿ ಹೊಲ, ಗೋಮಾಳಗಳಿಗೆ ಹಬ್ಬಿತು. 1926ರಲ್ಲಿ ಶ್ರೀಲಂಕಾದಿಂದ ತಂದ ಇನ್ನೊಂದು ಜಾತಿಯ ಕೊಚಿನಿಯಲ್ ಹುಳು ದಕ್ಷಿಣ ಭಾರತದಲ್ಲಿ ಅದರ ಹಾವಳಿ ತಗ್ಗಿಸಿತು. ಕುಂಡದಲ್ಲಿ ಬೆಳೆದ ಕಳ್ಳಿಗಳದು ಬೇರೆ ಕಥೆ. ಕರ್ನಾಟಕದ ಹಿತ್ತಲುಗಳಲ್ಲಿ ಬ್ರಹ್ಮಕಮಲವೆಂದು ಬೆಳೆಸುವ, ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ ಹೂವಿನ ಗಿಡ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಕ್ಯಾಕ್ಟಸ್. ನೆರೆಹೊರೆಯವರನ್ನು ಕರೆದು ಆ ಹೂವನ್ನು ತೋರಿಸುವುದು ಇಲ್ಲಿನ ಪದ್ಧತಿಯೇ ಆಗಿದೆ. ಚಂಡೀಗಢದ ಪಕ್ಕದ ಪಂಚಕುಲದಲ್ಲಿ 1987ರಲ್ಲಿ ಕಳ್ಳಿ ಮತ್ತು ರಸಭರಿತ ಸಸ್ಯಗಳಿಗೇ ಮೀಸಲಾದ ಉದ್ಯಾನ ಸ್ಥಾಪನೆಯಾಯಿತು.

ಈ ಚರಿತ್ರೆಯ ಫಲ ಇಂದಿನ ಹಿತ್ತಲಿನ ಕುಂಡಗಳಲ್ಲಿ ಕಾಣುತ್ತದೆ. ತಳದಲ್ಲಿ ತೂತಿರುವ ಮಣ್ಣಿನ ಕುಂಡ, ದಪ್ಪ ಮರಳು ಹಾಗೂ ಇಟ್ಟಿಗೆ ಚೂರು ಬೆರೆಸಿದ ಸಡಿಲ ಮಣ್ಣು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಎಂಬುವು ಮಿಲ್ಲರ್‌ನ ಕಾಲದ ಸೂತ್ರಗಳ ಮುಂದುವರಿಕೆ. ಬದಲಾದದ್ದು ಶತ್ರು ಮಾತ್ರ: ಯುರೋಪಿನಲ್ಲಿ ಗಾಜಿನ ಮನೆ ಚಳಿಯನ್ನು ತಡೆದರೆ, ಕರ್ನಾಟಕದಲ್ಲಿ ಪಾರದರ್ಶಕ ಹೊದಿಕೆ ಮುಂಗಾರಿನ ಮಳೆಯನ್ನು ತಡೆಯಬೇಕು. ಒಂದೇ ಕುಂಡದಲ್ಲಿ ಹಲವು ಗಿಡ ನೆಡುವಾಗ ಮೂಲನೆಲದ ಹವಾಮಾನ ನೋಡಬೇಕಾಗುತ್ತದೆ. ಕೇಪ್‌ನ ಹಾವರ್ಥಿಯ ನೆರಳನ್ನು ಸಹಿಸುತ್ತದೆ, ತಂಪುಗಾಲದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮೆಕ್ಸಿಕೊದ ದುಂಡುಕಳ್ಳಿಗೆ ಬಿಸಿಲೂ ಬೇಸಿಗೆಯೂ ಬೇಕು.

ಸಂಗ್ರಹದ ಮೋಹ ಗಿಡಗಳ ಮೂಲನೆಲೆಗೆ ಹಾನಿಯನ್ನೂ ಮಾಡಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ, 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದ ಬಹುತೇಕ ಇಡೀ ಕ್ಯಾಕ್ಟಸ್ ಕುಟುಂಬವನ್ನು ಒಳಗೊಂಡಿದೆ. ಆದರೂ ದಕ್ಷಿಣ ಆಫ್ರಿಕದಲ್ಲಿ ಕೊನೊಫೈಟಮ್ ಎಂಬ ಪುಟ್ಟ ಗಿಡಗಳನ್ನು ಕಾಡಿನಿಂದ ಕಿತ್ತು ಸಾಗಿಸುವ ಕಳ್ಳವ್ಯಾಪಾರ ಈಚಿನ ವರ್ಷಗಳಲ್ಲಿ ಬೆಳೆದಿದೆ. ಇದಕ್ಕೆ ಉತ್ತರ ತೋಟಗಾರರ ಕೈಯಲ್ಲೇ ಇದೆ: ಈ ಸಸ್ಯಗಳಲ್ಲಿ ಬಹಳಷ್ಟು ಬೀಜದಿಂದ, ಮರಿಗಿಡದಿಂದ, ಎಲೆ ಅಥವಾ ಕಾಂಡದ ತುಂಡಿನಿಂದ ಬೆಳೆಯುತ್ತವೆ. ಕಾಡಿನ ಒಂದು ಗಿಡವನ್ನೂ ಕೀಳದೆ, ನರ್ಸರಿಯಲ್ಲಿ ಬೆಳೆಸಿದ ಸಸಿಗಳಿಂದಲೇ ಚಿಕ್ಕ ಹಿತ್ತಲನ್ನು ತುಂಬಬಹುದು.