ಗಡಿಯ ಹಾಡು, ಮನೆಯ ಹಾಡು

ಗಡಿನಾಡಿನ ಕವಿತೆಯೆಂದರೆ ಹೋರಾಟದ ಕವಿತೆ ಎಂಬ ಮಾತು ನಮ್ಮ ಕಾಸರಗೋಡಿನಲ್ಲಿ ರೂಢಿಯಾಗಿಬಿಟ್ಟಿದೆ. ಅದಕ್ಕೆ ಕಾರಣ ಕಯ್ಯಾರ ಕಿಞ್ಞಣ್ಣ ರೈಗಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ, ಮನೆಗೆ ಬೆಂಕಿ ಬಿತ್ತೆಂದು ನಾಡನ್ನೆಲ್ಲ ಕೂಗಿ ಕರೆದ ಕವಿ ಅವರು.

ಅದೇ ದಿನ ಮರಾಠವಾಡದ ಅಂಚಿನಲ್ಲಿ ಇನ್ನೊಂದು ಗೆರೆ ಬಿತ್ತು. ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ಹೋಳಾಯಿತು. ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರಿಗೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ನಿಲಂಗಾ, ಉದಗೀರ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯೊಡನೆ ಅಲ್ಲಿಗೇ ಹೋಯಿತು. ನಿಜಾಮರ ಕಾಲದ ಉರ್ದು ಹೋಗಿ ಮರಾಠಿ ಬಂತು. ಕನ್ನಡ ಬಹುಮಟ್ಟಿಗೆ ಮನೆಮಾತಾಗಿ, ವಚನವಾಗಿ ಉಳಿಯಿತು.

ವಚನವೆಂದರೆ ಬರಿಯ ಭಕ್ತಿಯಲ್ಲ. ಉಮರ್ಗಾಕ್ಕೆ ಬಸವಕಲ್ಯಾಣ ದೂರದ ಊರಲ್ಲ. ಅಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರಲ್ಲಿ ಕುಲವನ್ನು ಪ್ರಶ್ನಿಸುವ ಗಟ್ಟಿದನಿಯ ಪಕ್ಕದಲ್ಲೇ ತನ್ನ ಮನಸ್ಸಿನ ಚಂಚಲತೆಗೆ ನಾಚುವ ಮೆಲುದನಿಯೂ ಇದೆ.

ದೂರದ ನಿದರ್ಶನವೂ ಉಂಟು. ಬರ್ಮಿಂಗ್‌ಹ್ಯಾಮಿನ ಕಾರ್ಮಿಕರ ಕೇರಿಯಲ್ಲಿ ಹುಟ್ಟಿದ ಬ್ಲ್ಯಾಕ್ ಸಬಾತ್ ಎಂಬ ಹೆವಿ ಮೆಟಲ್ ತಂಡ (ನಮ್ಮ ಹಿರಿಯರಿಗೆ ಅದು ಬರಿಯ ಗದ್ದಲ, ಇರಲಿ) 1970ರಲ್ಲಿ ಯುದ್ಧ ಹೂಡುವ ಅಧಿಕಾರಸ್ಥರನ್ನು ಹಳಿದು ಹಾಡಿತು. 1972ರಲ್ಲಿ ಅದೇ ತಂಡ ಅಗಲಿಕೆಯ ನೋವನ್ನು ಪಿಯಾನೋದೊಡನೆ ಹಾಡಿತು. 2025ರ ಜುಲೈ 5ರಂದು ತನ್ನ ಊರಿನಲ್ಲೇ ಕೊನೆಯ ಕಚೇರಿ ನಡೆಸಿತು.

ಕಯ್ಯಾರರಲ್ಲಿಯೂ ಹೀಗೆಯೇ. ಮಕ್ಕಳಿಗೆ ಪದ್ಯ ಬರೆದವರು, ಪೆರಡಾಲದಲ್ಲಿ ಪಾಠ ಹೇಳಿದವರು, ಗದ್ದೆ ತೋಟಗಳಲ್ಲಿ ಮೈಮುರಿದು ದುಡಿದವರು ಅವರೇ. ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರೇ ಹೊರತು ಗಡಿಯ ಹೆಸರನ್ನಲ್ಲ. ಕುಮಾರನ್ ಆಶಾನರನ್ನು ಕನ್ನಡಕ್ಕೆ ತಂದ ಈ ಕವಿಯ ಸಿಟ್ಟು ಮಲಯಾಳದ ಮೇಲೆ ಇರಲಿಲ್ಲ. ಒಂದು ತೀರ್ಮಾನದ ಮೇಲಿತ್ತು. ಸಭೆಗಳಲ್ಲಿ ನಾವು ಒಂದೇ ಕವಿತೆಯನ್ನು ಮತ್ತೆ ಮತ್ತೆ ಹಾಡಿ ಉಳಿದವನ್ನು ಕಪಾಟಿನಲ್ಲಿ ಬಿಟ್ಟೆವು. ಇದು ನಮ್ಮದೇ ತಪ್ಪು. ಉದಗೀರದ ಕನ್ನಡ ಮನೆಯ ಮಗುವಿಗಾಗಲಿ ಬದಿಯಡ್ಕದ ಮಗುವಿಗಾಗಲಿ ಮೊದಲು ಬೇಕಾದದ್ದು ಆ ಕಪಾಟಿನ ಪದ್ಯಗಳೇ.

ಚಂದ್ರಗಿರಿಯ ಉತ್ತರಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಮಹಾಜನ ವರದಿ ಹೇಳಿತು. ಅದು ಜಾರಿಗೆ ಬರಲಿಲ್ಲ. 1997ರಲ್ಲಿ ಕಯ್ಯಾರರು ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2015ರ ಆಗಸ್ಟ್ 9ರಂದು, ನೂರು ತುಂಬಿದ ಮೇಲೆ, ಬದಿಯಡ್ಕದ ತಮ್ಮ ಮನೆಯಲ್ಲೇ ತೀರಿಕೊಂಡರು.